ಆರಿದ ಕ್ವೇಸಾರಿನ ಬೆಳಕನ್ನು ಪಾಂಡವಪುರದ ಗದ್ದೆಯಿಂದ ಹಿಡಿದಿದ್ದು

ಮೂರು ವರ್ಷದಿಂದ ನನ್ನ ತಲೆಯಲ್ಲಿ ಕೂತಿದ್ದ ಗ್ಯಾಲಕ್ಸಿ ಐಸಿ 2497. ಸಿಂಹ ರಾಶಿಯ ಪಕ್ಕ, ಉತ್ತರಕ್ಕೆ, ಲಿಯೋ ಮೈನರ್ ಅನ್ನೋ ಚಿಕ್ಕ ನಕ್ಷತ್ರಪುಂಜದಲ್ಲಿದೆ. ದೂರ ಸುಮಾರು 65 ಕೋಟಿ ಜ್ಯೋತಿರ್ವರ್ಷ. ನೋಡೋಕೆ ಸಾಧಾರಣ ಸುರುಳಿ ಗ್ಯಾಲಕ್ಸಿ. ಆದರೆ ಒಂದು ಕಾಲಕ್ಕೆ ಅದರ ನಡುವೆ ಕ್ವೇಸಾರ್ ಉರಿಯುತ್ತಿತ್ತು. ದೈತ್ಯ ಕಪ್ಪುಕುಳಿಗೆ ಅನಿಲ ಬೀಳುತ್ತಾ, ಬೀಳುವಾಗ ಕಾದು, ಭಯಂಕರ ಬೆಳಕು ಕೊಡುತ್ತಿತ್ತು. ಈಗ ನಡುವೆ ಬಹಳ ಮಂಕು. ಆ ಬೆಳಕು ಬಿದ್ದ ಅನಿಲದ ಮೋಡ ಮಾತ್ರ ಪಕ್ಕದಲ್ಲಿ ಇನ್ನೂ ಹೊಳೆಯುತ್ತಿದೆ.

ಆ ಮೋಡವನ್ನು 2007ರಲ್ಲಿ ಮೊದಲು ಗುರುತಿಸಿದ್ದು ಹ್ಯಾನಿ ವಾನ್ ಆರ್ಕೆಲ್, ನೆದರ್ಲೆಂಡ್ಸ್‌ನ ಒಬ್ಬ ಶಾಲಾ ಶಿಕ್ಷಕಿ. ಸಾಮಾನ್ಯ ಜನರೇ ಆನ್‌ಲೈನ್‌ನಲ್ಲಿ ಗ್ಯಾಲಕ್ಸಿ ಚಿತ್ರ ವಿಂಗಡಿಸೋ ಗ್ಯಾಲಕ್ಸಿ ಝೂ ಯೋಜನೆಯಲ್ಲಿ ಕೆಲಸ ಮಾಡುವಾಗ ಒಂದರ ಕೆಳಗೆ ನೀಲಿ ಮಚ್ಚೆ ಕಂಡು, ಇದೇನು ಅಂತ ಕೇಳಿದರು. ಅದಕ್ಕೆ ‘ಹ್ಯಾನೀಸ್ ವೂರ್ವೆರ್ಪ್’ ಅಂತಲೇ ಹೆಸರಾಯಿತು. ವೂರ್ವೆರ್ಪ್ ಅಂದರೆ ಡಚ್ಚಿನಲ್ಲಿ ಬರೀ ‘ವಸ್ತು’. ಹವ್ಯಾಸಿಗಳಿಗೆ ಇದಕ್ಕಿಂತ ದೊಡ್ಡ ಧೈರ್ಯ ಇನ್ನೇನು ಬೇಕು?

ನನ್ನ ಹತ್ತಿರ ಇರೋದು ಎಂಟು ಇಂಚಿನ ನ್ಯೂಟೋನಿಯನ್ (ಕನ್ನಡಿ ಬಳಸೋ) ದೂರದರ್ಶಕ, ಫೋಕಲ್ ಉದ್ದ 1000 ಮಿಲಿಮೀಟರ್, ಜೊತೆಗೆ ತಂಪು ಮಾಡಬಹುದಾದ ಕಲರ್ ಕ್ಯಾಮೆರಾ. ಪಾಂಡವಪುರದ ಹತ್ತಿರ ಮಾವನ ಕಬ್ಬಿನ ಗದ್ದೆಯ ಪಕ್ಕ ಖಾಲಿ ಕಣ ಇದೆ. ಅಲ್ಲೇ ಹೂಡಿದೆ. ಫೆಬ್ರವರಿಯಲ್ಲಿ ಈ ಗ್ಯಾಲಕ್ಸಿ ನಡುರಾತ್ರಿಯ ಆಸುಪಾಸು ಉತ್ತರಕ್ಕೆ 68 ಡಿಗ್ರಿ ಎತ್ತರದಲ್ಲಿರುತ್ತೆ. ಮೈಸೂರಿನ ಬೆಳಕು ಬೆನ್ನ ಹಿಂದೆ ಉಳಿಯುತ್ತೆ. ಕಾಟ ಕೊಟ್ಟಿದ್ದು ಪಕ್ಕದ ಆಲೆಮನೆ ಹೊಗೆ ಮತ್ತು ನೀರು ಕಟ್ಟಿದ ಗದ್ದೆಯಿಂದ ಏಳೋ ತೇವ. ಎರಡನೇ ಕನ್ನಡಿಯ ಮೇಲೆ ಇಬ್ಬನಿ ಕೂರುತ್ತಿತ್ತು. ಅದರ ಬೆನ್ನಿಗೆ ಸಣ್ಣ ಹೀಟರ್ ಪಟ್ಟಿ ಕಟ್ಟಿದ ಮೇಲೆ ಸರಿಹೋಯಿತು.

ಮೊದಲ ರಾತ್ರಿ ಪೂರ್ತಿ ದಂಡವಾಯಿತು. ಈ ಮೋಡದ ಬೆಳಕು ಹೆಚ್ಚಾಗಿ ಆಕ್ಸಿಜನ್ನಿನದು ಅಂತ ಓದಿದ್ದೆ. ಸರಿ, ನೆಬ್ಯುಲಾಗಳಿಗೆ (ಅನಿಲದ ಮೋಡಗಳಿಗೆ) ಬಳಸೋ, ಆಕ್ಸಿಜನ್ ಬೆಳಕನ್ನಷ್ಟೇ ಬಿಡೋ ಓ-3 ಫಿಲ್ಟರ್ ಹಾಕಿದೆ. ಮೂರು ಗಂಟೆ ಎಕ್ಸ್‌ಪೋಶರ್ ಆದಮೇಲೂ ಮೋಡದ ಜಾಗದಲ್ಲಿ ಏನೂ ಇಲ್ಲ. ಮೌಂಟು, ಗೈಡಿಂಗು, ಫೋಕಸ್ಸು, ಎಲ್ಲ ಮತ್ತೆ ಮತ್ತೆ ನೋಡಿದೆ. ತಪ್ಪು ಅಲ್ಲಿರಲಿಲ್ಲ. ಆ ಫಿಲ್ಟರ್ 500.7 ನ್ಯಾನೋಮೀಟರ್‌ನ ಸುತ್ತ ಸುಮಾರು 7 ನ್ಯಾನೋಮೀಟರ್ ಮಾತ್ರ ಒಳಗೆ ಬಿಡುತ್ತೆ. ಐಸಿ 2497ರ ಕೆಂಪುಪಲ್ಲಟ, ಅಂದರೆ ಬ್ರಹ್ಮಾಂಡ ಹಿಗ್ಗೋದರಿಂದ ಬೆಳಕಿನ ಅಲೆ ಉದ್ದವಾಗೋ ಪ್ರಮಾಣ, 0.05. ಅಂದರೆ ಅದೇ ಆಕ್ಸಿಜನ್ ಬೆಳಕು ನಮಗೆ ತಲುಪೋ ಹೊತ್ತಿಗೆ ಸುಮಾರು 526ಕ್ಕೆ ಜರುಗಿರುತ್ತೆ! ನಾನೇ ಕೈಯಾರೆ ಅದನ್ನು ತಡೆದು ನಿಲ್ಲಿಸಿದ್ದೆ. ದೂರದ ಗ್ಯಾಲಕ್ಸಿ ಹಿಡಿಯೋರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಅಲೆಯ ಉದ್ದವನ್ನು 1.05ರಿಂದ ಗುಣಿಸಿದ್ದರೆ ಸಾಕಿತ್ತು.

ಮುಂದಿನ ಎರಡು ರಾತ್ರಿ ಫಿಲ್ಟರ್ ತೆಗೆದಿಟ್ಟೆ. 180 ಸೆಕೆಂಡಿನ 100 ಚಿತ್ರ, ಒಟ್ಟು ಐದು ಗಂಟೆ. ಸಿರಿಲ್ ಅನ್ನೋ ತಂತ್ರಾಂಶದಲ್ಲಿ ಜೋಡಿಸಿ, ಮಂಕು ಭಾಗಗಳು ಕಾಣೋ ಹಾಗೆ ಹೊಳಪನ್ನು ನಿಧಾನಕ್ಕೆ ಹಿಗ್ಗಿಸಿದೆ. ಗ್ಯಾಲಕ್ಸಿಯಿಂದ ದಕ್ಷಿಣಕ್ಕೆ ಸುಮಾರು 25 ಪಿಕ್ಸೆಲ್ ದೂರದಲ್ಲಿ ಒಂದು ಮಸುಕು ಹಸಿರು ಉಗುರುಗಲೆ ಎದ್ದು ಬಂತು. ನಂಬಿಕೆ ಬರದೆ ಎರಡು ರಾತ್ರಿಯದನ್ನೂ ಬೇರೆ ಬೇರೆ ಜೋಡಿಸಿ ನೋಡಿದೆ. ಎರಡರಲ್ಲೂ ಅದೇ ಜಾಗ, ಅದೇ ಹಸಿರು. ಕೈ ನಡುಗುತ್ತಿತ್ತು.

ಬೆಳಿಗ್ಗೆ ಲ್ಯಾಪ್‌ಟಾಪ್ ಪರದೆ ಮಾವನಿಗೆ ತೋರಿಸಿದೆ. ದೀಪ ಆರಿದ ಮೇಲೂ ಮೋಡ ಹೇಗೆ ಹೊಳೆಯುತ್ತೆ ಅಂತ ಅವರಿಗೆ ಅನುಮಾನ. ನಡುವಿನಿಂದ ಹೊರಟ ಬೆಳಕು ಆ ಮೋಡ ಮುಟ್ಟಿ ನಮ್ಮ ಕಡೆ ತಿರುಗೋಕೆ ಹತ್ತಾರು ಸಾವಿರ ವರ್ಷ ಜಾಸ್ತಿ ಬೇಕು ಅಂದೆ. ಅವರು ಸ್ವಲ್ಪ ಯೋಚಿಸಿ, “ಕನ್ನಂಬಾಡೀಲಿ ಗೇಟ್ ಇಳಿಸಿದ್ರೂ ಮದ್ದೂರ್ ಕಡೀಕೆ ನಾಲೇಲಿ ನೀರು ಬತ್ತಾನೇ ಇರ್ತದಲ್ಲ, ಅಂಗೆ ಅನ್ನು” ಅಂದರು.

“ಹೂಂ ಮಾವ, ಅದೇ.”

“ಅಂಗಾರೆ ಗೇಟ್ ಇಳಿಸಿ ಎಷ್ಟು ದಿನ ಆಯ್ತು?”

ವಿಜ್ಞಾನಿಗಳು ಕೇಳಿಕೊಂಡಿದ್ದೂ ಇದನ್ನೇ. ಕ್ವೇಸಾರ್ ದೂಳಿನ ಹಿಂದೆ ಅಡಗಿದೆಯಾ ಅಂತ ಎಕ್ಸ್-ರೇ ದೂರದರ್ಶಕಗಳಲ್ಲೂ ನೋಡಿದರು. ಅಲ್ಲೂ ನಡುವೆ ಮಂಕೇ. ನಮಗೆ ಕಾಣೋ ಆ ಗ್ಯಾಲಕ್ಸಿಯ ಲೆಕ್ಕದಲ್ಲಿ, ಕ್ವೇಸಾರ್ ಸೊರಗಿ 2 ಲಕ್ಷ ವರ್ಷಕ್ಕಿಂತ ಜಾಸ್ತಿ ಆಗಿಲ್ಲ ಅಂತ ಮಾವನಿಗೆ ಹೇಳಿದೆ. ಅವರು ಇನ್ನೊಂದು ಸಲ ಪರದೆ ಹತ್ತಿರ ಬಗ್ಗಿ ಆ ಹಸಿರನ್ನು ನೋಡಿದರು.