ಆಳದ ಹುಳುಕು: ಹಲ್ಲಿನ ನರ ಉಳಿಸಿಕೊಳ್ಳುವುದು ಹೇಗೆ?

ಕಾಫಿ ಕೊಯ್ಲು ಶುರುವಾಯಿತೆಂದರೆ ಕೊಡಗಿನಲ್ಲಿ ಹಲ್ಲುನೋವಿಗೆಂದು ಯಾರೂ ತೋಟ ಬಿಟ್ಟು ಬರುವುದಿಲ್ಲ. ಡಿಸೆಂಬರಿನಲ್ಲಿ ಜುಮ್ಮೆಂದ ದವಡೆ ಹಲ್ಲನ್ನು ಮಾತ್ರೆ ನುಂಗಿ, ಲವಂಗದೆಣ್ಣೆಯ ಹತ್ತಿ ಇಟ್ಟು ಮಾರ್ಚ್‌ವರೆಗೆ ದೂಡುತ್ತಾರೆ. ಆಮೇಲೆ ಬಂದು ‘ಕಿತ್ತುಬಿಡಿ ಡಾಕ್ಟ್ರೇ’ ಅನ್ನುತ್ತಾರೆ. ಮೂರು ತಿಂಗಳು ಮೊದಲು ಬಂದಿದ್ದರೆ ಅಂಥ ಎಷ್ಟೋ ಹಲ್ಲುಗಳಿಗೆ ರೂಟ್ ಕೆನಾಲ್ ಕೂಡ ಬೇಕಿರಲಿಲ್ಲ.

ಮೊದಲು ನೋವನ್ನು ಗಮನಿಸಿ. ತಣ್ಣೀರೋ ಸಿಹಿಯೋ ತಾಗಿದಾಗ ಚುಳ್ಳೆಂದು, ಕೆಲವೇ ಸೆಕೆಂಡಿನಲ್ಲಿ ನಿಂತರೆ ಹಲ್ಲಿನ ತಿರುಳು, ಅಂದರೆ ನರ, ರಕ್ತನಾಳಗಳಿರುವ ಒಳಭಾಗ, ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ಕಾಫಿ ಲೋಟ ಕೆಳಗಿಟ್ಟ ಮೇಲೂ ನಿಮಿಷಗಟ್ಟಲೆ ಮಿಡಿದರೆ, ಮಲಗಿದಾಗ ನೋವು ತಾನಾಗಿ ಎದ್ದರೆ, ವಸಡಿನಲ್ಲಿ ಕೀವಿನ ಗುಳ್ಳೆ ಕಂಡರೆ ಬರೀ ಫಿಲ್ಲಿಂಗ್ ಸಾಲದು. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನೋವಿನ ಮಾತ್ರೆ ನುಂಗಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ. ಪರೀಕ್ಷೆಯ ಫಲ ಅದರಿಂದ ತಪ್ಪಬಹುದು. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿಟ್ಟುಕೊಂಡರೆ ವಸಡು ಸುಡುತ್ತದೆ, ಹುಳುಕಿಗೆ ಏನೂ ಆಗುವುದಿಲ್ಲ.

ಎಕ್ಸ್‌ರೇ ತೆಗೆಸಿ. ಹಲ್ಲಿಗೆ ತಣ್ಣನೆಯದನ್ನು ತಾಗಿಸಿ ತಿರುಳು ಸ್ಪಂದಿಸುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನೂ ಮಾಡಿಸಿ.

ಇನ್ನು ಎಲ್ಲರೂ ಎಡವುವ ಘಟ್ಟ, ಹುಳುಕು ತೆಗೆಯುವುದು. ಮೆತ್ತಗಿದ್ದದ್ದನ್ನೆಲ್ಲ ಕೆರೆದು ಹಾಕಬೇಕೆಂದು ಹಿಂದೆ ಕಲಿಸುತ್ತಿದ್ದರು. ಆಳದ ಹುಳುಕಿನಲ್ಲಿ ಹಾಗೆ ಮಾಡಿದರೆ ಡ್ರಿಲ್ಲು ತಿರುಳಿಗೇ ತೂತು ಮಾಡೀತು. 2016ರಲ್ಲಿ ತಜ್ಞರ ಅಂತರರಾಷ್ಟ್ರೀಯ ಒಮ್ಮತ ಬೇರೆ ದಾರಿ ತೋರಿಸಿತು: ಗುಂಡಿಯ ಅಂಚನ್ನು ಸುತ್ತಲೂ ಗಟ್ಟಿ ಹಲ್ಲು ಸಿಗುವವರೆಗೆ ಶುಚಿ ಮಾಡಿ, ತಿರುಳಿನ ನೆತ್ತಿಯ ಮೇಲಿನ ಮೆತ್ತನೆ ಪದರವನ್ನು ಉಳಿಸಿ, ಗಾಳಿ ನೀರು ಹೋಗದಂತೆ ಮುಚ್ಚುವುದು. ಒಳಗೆ ಉಳಿದ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಸಿಗದೆ ಹುಳುಕು ನಿಲ್ಲುತ್ತದೆ. ತಿರುಳು ತನ್ನ ಕಡೆಯಿಂದ ಡೆಂಟಿನ್‌ನ (ಹಲ್ಲಿನ ಒಳಪದರದ) ಹೊಸ ಗೋಡೆ ಕಟ್ಟಿಕೊಳ್ಳುತ್ತದೆ. ಅಂಚಿನಲ್ಲಿ ಮಾತ್ರ ರಾಜಿ ಬೇಡ. ಅಲ್ಲಿ ಕೂದಲೆಳೆಯಷ್ಟು ಸೋರಿದರೂ ಪಟ್ಟ ಶ್ರಮವೆಲ್ಲ ವ್ಯರ್ಥ. ಹಾಗಾಗಿ ಎಂಜಲು ಒಳಗೆ ಬರದಂತೆ ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಬಿಗಿಯುವ ರಬ್ಬರ್ ಹಾಳೆ) ಹಾಕುತ್ತೀರಾ ಎಂದು ಕೇಳಿ. ಕೇಳಿದ್ದಕ್ಕೆ ಯಾವ ಒಳ್ಳೆಯ ವೈದ್ಯರೂ ಬೇಸರಿಸುವುದಿಲ್ಲ.

ಇದನ್ನೇ ಎರಡು ಸಲಕ್ಕೆ ಮಾಡುವುದೂ ಉಂಟು: ತಾತ್ಕಾಲಿಕವಾಗಿ ಮುಚ್ಚಿ, 6ರಿಂದ 12 ತಿಂಗಳಿಗೆ ತೆರೆದು ಉಳಿದದ್ದನ್ನು ತೆಗೆಯುವುದು. ನಾನು ಒಂದೇ ಸಲಕ್ಕೆ ಮುಗಿಸಿ ಅನ್ನುತ್ತೇನೆ. ಮತ್ತೆ ತೆರೆದಾಗ ತಿರುಳು ಬಯಲಾಗುವ ಅಪಾಯವಿದೆ. ಅಲ್ಲದೆ ತೋಟದ ಲೈನ್‌ಮನೆಯಿಂದ (ಕಾರ್ಮಿಕರ ಸಾಲುಮನೆ) ಬರುವ ಕೂಲಿಯಾಳು ಒಂದು ದಿನದ ಸಂಬಳ ಬಿಟ್ಟು ಮತ್ತೆ ಬರುವುದು ಕಷ್ಟ. ಅಷ್ಟರಲ್ಲಿ ತಾತ್ಕಾಲಿಕ ಸಿಮೆಂಟು ಕಿತ್ತುಬಂದಿರುತ್ತದೆ.

ತಿರುಳು ಬಯಲಾದರೂ ಗಾಬರಿ ಬೇಡ. ರಕ್ತ ನಿಂತರೆ ಎಂಟಿಎ ಅಥವಾ ಬಯೋಡೆಂಟಿನ್ ಎಂಬ, ತಿರುಳಿಗೆ ಒಗ್ಗುವ ಸಿಮೆಂಟು ಇಟ್ಟು ಮುಚ್ಚಬಹುದು. ವಯಸ್ಕರಲ್ಲೂ ತಿರುಳಿನ ಮೇಲ್ಭಾಗವನ್ನಷ್ಟೇ ತೆಗೆದು ಬೇರಿನದನ್ನು ಉಳಿಸುವ ಚಿಕಿತ್ಸೆ ಇದೆ. ಊರಿನ ಕ್ಲಿನಿಕ್ಕಿನಲ್ಲಿ ಈ ಸಾಮಗ್ರಿ ಇಲ್ಲದಿದ್ದರೆ ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಮೇಲಿನ ಫಿಲ್ಲಿಂಗ್ ಗ್ಲಾಸ್ ಅಯನೊಮರ್ ಆಗಲಿ, ಕಾಂಪೊಸಿಟ್ ಆಗಲಿ, ಅದೇ ದಿನ ಹಾಕಿಸಿ. ಗೋಡೆ ತೆಳುವಾದ ಹಲ್ಲಿಗೆ ಕ್ಯಾಪ್ ಬೇಕಾದೀತು.

ಮನೆಯಲ್ಲಿ 1000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಬಾರಿ ಹಲ್ಲುಜ್ಜಿ, ನೊರೆ ಉಗುಳಿ, ಬಾಯಿ ಮುಕ್ಕಳಿಸದೆ ಬಿಡಿ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಯನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಯಾರು ಕೊಟ್ಟರೂ ಮುಟ್ಟಬೇಡಿ. ಬೆಲ್ಲದ ಕಾಫಿ ಬಿಡಿ ಎಂದು ಕೊಡಗಿನವರಿಗೆ ಹೇಳಲಾರೆ, ಗಂಟೆಗೊಮ್ಮೆ ಗುಟುಕರಿಸುವುದನ್ನು ಬಿಡಿ.

ನೋವು ಹೋಯಿತೆಂದು ಮರೆಯಬೇಡಿ. ತಿರುಳು ಸದ್ದಿಲ್ಲದೆ ಸಾಯುವುದೂ ಉಂಟು. 6 ತಿಂಗಳಾದಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಕ್ಸ್‌ರೇಯಲ್ಲಿ ಬೇರಿನ ತುದಿ ನೋಡಿಸಿಕೊಳ್ಳಿ. ಹಳೆಯ ಎಕ್ಸ್‌ರೇಯನ್ನೂ ಜೊತೆಗೆ ಒಯ್ಯಿರಿ.