ಹಿಡಿದವರ ಪಟ್ಟಿ, ಸತ್ತವರ ಪಟ್ಟಿ

ನನ್ನ ಮೊದಲ ಸಂಶೋಧನಾ ಪ್ರಬಂಧವನ್ನು ಮಾರ್ಗದರ್ಶಕರು ಒಂದೇ ಪ್ರಶ್ನೆ ಕೇಳಿ ವಾಪಸು ಕೊಟ್ಟರು: “ಇದು ಅಪರಾಧದ ಲೆಕ್ಕವೋ, ಪೊಲೀಸರ ಲೆಕ್ಕವೋ?” ನೂರು ವರ್ಷದ ಹಿಂದಿನ ಶಿಕಾಗೊದಲ್ಲಿ ಯಾವ ಜನಾಂಗದವರನ್ನು ಎಷ್ಟು ಮಂದಿ ಹಿಡಿದರೋ ಅಷ್ಟೂ ಮಂದಿ ತಪ್ಪು ಮಾಡಿದರೆಂದೇ ನಾನು ಓದಿಕೊಂಡಿದ್ದೆ. ಆರು ತಿಂಗಳ ದುಡಿಮೆ ಅದು. ತುಂಬ ಬೇಸರವಾಯಿತು.

ಉತ್ತರ ಸಿಕ್ಕಿದ್ದು ಶಿಕಾಗೊದಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ನಡೆದ 1919ರ ಗಲಭೆಯ ದಾಖಲೆಗಳಲ್ಲಿ. ಜುಲೈ 27, ಭಾನುವಾರ. ಮಿಶಿಗನ್ ಸರೋವರಕ್ಕೆ ಇಳಿದಿದ್ದ 17 ವರ್ಷದ ಕಪ್ಪು ಹುಡುಗ ಯೂಜೀನ್ ವಿಲಿಯಮ್ಸ್, ಬಿಳಿಯರು ತಮ್ಮದೆಂದುಕೊಂಡಿದ್ದ ದಡದ ಕಡೆ ತೇಲಿ ಬಂದ. ಕಲ್ಲು ಬಿದ್ದವು. ಹುಡುಗ ಮುಳುಗಿ ಸತ್ತ. ಕಲ್ಲೆಸೆದವನನ್ನು ಜನ ತೋರಿಸಿಕೊಟ್ಟರೂ ಅಲ್ಲಿದ್ದ ಬಿಳಿ ಪೊಲೀಸ ಹಿಡಿಯಲಿಲ್ಲ. ಬದಲಿಗೆ ಬಿಳಿಯನೊಬ್ಬನ ದೂರಿನ ಮೇಲೆ ಕಪ್ಪು ಮನುಷ್ಯನೊಬ್ಬನನ್ನು ಹಿಡಿದ. ನನ್ನ ಹಳೆಯ ಲೆಕ್ಕದಲ್ಲಿ ಇದು ‘ಕಪ್ಪು ಅಪರಾಧಿ, ಒಂದು’.

ಅಲ್ಲಿಂದ ಹೊತ್ತಿದ ಗಲಭೆಯನ್ನು ತನಿಖೆ ಮಾಡಿದ ಆಯೋಗದ 1922ರ ವರದಿಯ ಪ್ರಕಾರ ಸತ್ತವರು 38; ಅವರಲ್ಲಿ 23 ಮಂದಿ ಕಪ್ಪು ಜನ. ಗಾಯಗೊಂಡವರಲ್ಲಿ ಕಪ್ಪು ಜನ 342, ಬಿಳಿಯರು 178. ಹಿಡಿದವರ ಪಟ್ಟಿಯಲ್ಲೂ ಕಪ್ಪು ಜನರೇ ಹೆಚ್ಚು: 154. ಬಿಳಿಯರು ಬರೀ 75. ಏಟು ತಿಂದವರೇ ಆರೋಪಿಗಳೂ ಆಗಿದ್ದರು! ಬರುವ ಪ್ರಕರಣಗಳೆಲ್ಲ ಕಪ್ಪು ಜನರ ಮೇಲಿನವೇ ಆದಾಗ ಗ್ರ್ಯಾಂಡ್ ಜ್ಯೂರಿಯವರೇ (ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ತಂಡ) ಸಿಟ್ಟಾಗಿ ವಿಚಾರಣೆ ನಿಲ್ಲಿಸಿಬಿಟ್ಟರು.

ಅಂದಿನಿಂದ ಪೊಲೀಸ್ ದಾಖಲೆಯೊಂದನ್ನೇ ನೆಚ್ಚಿ ನಾನು ಏನೂ ಬರೆದಿಲ್ಲ. ಶಿಕಾಗೊ ಪೊಲೀಸರು 1870ರಿಂದ 1930ರವರೆಗೆ ಕೈಯಲ್ಲಿ ಬರೆದಿಟ್ಟ 11,000ಕ್ಕೂ ಹೆಚ್ಚು ಕೊಲೆ ಪ್ರಕರಣಗಳನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಕಂಪ್ಯೂಟರಿಗೆ ಏರಿಸಿದ್ದಾರೆ. ಅಲ್ಲಿಂದ ಒಂದು ಹೆಸರು ಹಿಡಿದು 1920ರ ಜನಗಣತಿಯ ಹಾಳೆಗೆ ಹೋಗುತ್ತೇನೆ. ವಲಸೆ ಬಂದ ವರ್ಷ, ಮಾತೃಭಾಷೆ, ಕಸುಬು ಎಲ್ಲ ಅದರಲ್ಲಿದೆ. ಪೋಲೆಂಡಿನವರ, ಇಟಲಿಯವರ ಹೆಸರನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ. ಒಬ್ಬನೇ ಮನುಷ್ಯ ಮೂರು ಕಡೆ ಮೂರು ಹೆಸರಾಗಿರುತ್ತಾನೆ. ನನ್ನ ಊರು, ಅಪ್ಪನ ಹೆಸರು, ನನ್ನ ಹೆಸರು ಮೂರನ್ನೂ ಇಲ್ಲಿನ ಕಚೇರಿಗಳು ಹಿಂದುಮುಂದು ಮಾಡಿದ್ದನ್ನು ಕಂಡಿದ್ದರಿಂದ ಈ ಕೆಲಸದಲ್ಲಿ ನನಗೆ ತಾಳ್ಮೆ ಜಾಸ್ತಿ. ಹೆಸರು ಕೈಕೊಟ್ಟರೆ ಮನೆ ನಂಬರ್ ಹಿಡಿದು ಹುಡುಕಬೇಕು.

ವಲಸಿಗರು ತಮ್ಮ ಸಂಖ್ಯೆಗೆ ಹೋಲಿಸಿದರೆ ಅಮೆರಿಕದಲ್ಲೇ ಹುಟ್ಟಿದವರಿಗಿಂತ ಕಡಿಮೆ ಅಪರಾಧ ಮಾಡುತ್ತಾರೆಂದು, ಅಪರಾಧ ಮತ್ತು ಕಾನೂನು ಜಾರಿಯ ಬಗ್ಗೆ ಅಮೆರಿಕ ಸರ್ಕಾರ ನೇಮಿಸಿದ್ದ ವಿಕರ್‌ಶ್ಯಾಮ್ ಆಯೋಗ ಹೇಳಿದ್ದು 1931ರಲ್ಲಿ. ದಕ್ಷಿಣ, ಪೂರ್ವ ಯೂರೋಪಿನವರನ್ನು ತಡೆದು ಏಷ್ಯಾದವರಿಗೆ ಬಾಗಿಲು ಮುಚ್ಚಿದ ಕಾನೂನು 1924ರಲ್ಲೇ ಬಂದಾಗಿತ್ತು. ನಡುವಿನ ಆ ಏಳು ವರ್ಷಗಳ ಮೇಲೆ ಈಗ ಕೆಲಸ ಮಾಡುತ್ತಿದ್ದೇನೆ.