ಇನ್ನೊಂದು ಕಾಯಿಲ್ ಬೇಕಾ, ಸಾಕಾ?

"ತಲೆಗೆ ಆಗಿರೋದಕ್ಕೆ ತೊಡೆಗ್ಯಾಕೆ ಸಾರ್ ಸೂಜಿ?" ಮಗ ಕೇಳಿದ. ಅವನ ತಾಯಿಗೆ ಐವತ್ತರ ಆಸುಪಾಸು. ಹಿಂದಿನ ದಿನ ಬೆಳಿಗ್ಗೆ ಕೊಟ್ಟಿಗೆ ಗುಡಿಸುವಾಗ ತಲೆಯೊಳಗೆ ಪಟಾಕಿ ಸಿಡಿದ ಹಾಗಾಗಿ ಕುಸಿದು ಕೂತಿದ್ದರು. ವಾಂತಿ ಬೇರೆ. ಪಿತ್ತ ಇರಬೇಕು ಅಂತ ಮನೆಯವರು ಶುಂಠಿ ಕಷಾಯ ಕುಡಿಸಿದ್ದರಂತೆ. ಮಧ್ಯಾಹ್ನ ಸಿಟಿ ಸ್ಕ್ಯಾನ್ ಮಾಡಿದಾಗ ಮೆದುಳಿನ ಸುತ್ತ ರಕ್ತ ಕಂಡಿತು.

ಇಂಥ ಸಮಯದಲ್ಲಿ ನಾನು ಸೈಕಲ್ ಟ್ಯೂಬಿನ ಕತೆ ಹೇಳುತ್ತೇನೆ. "ನೋಡಪ್ಪ, ಟ್ಯೂಬ್ ಒಂದು ಕಡೆ ಸವೆದರೆ ಅಲ್ಲಿ ಗುಳ್ಳೆ ಬರುತ್ತಲ್ಲ, ರಕ್ತನಾಳದಲ್ಲೂ ಹಾಗೇ. ನಿಮ್ಮಮ್ಮನಿಗೆ ಆ ಗುಳ್ಳೆ ಒಡೆದಿದೆ. ಸದ್ಯಕ್ಕೆ ಹೆಪ್ಪು ಕಟ್ಟಿ ನಿಂತಿದೆ. ಇನ್ನೊಂದು ಸಲ ಒಡೆದರೆ ಕಷ್ಟ. ತೊಡೆಯ ನಾಳದಿಂದ ಒಳಗೊಳಗೇ ಮೇಲೆ ಹೋಗಿ ಗುಳ್ಳೆಗೆ ಪ್ಲಾಟಿನಂ ತಂತಿಯ ಸುರುಳಿ, ಅಂದರೆ ಕಾಯಿಲ್, ತುಂಬುತ್ತೀವಿ." ತಲೆ ಬೋಳಿಸುವುದಿಲ್ಲ ಅಂದಾಗ ಅವನಿಗೆ ಅರ್ಧ ಸಮಾಧಾನ. ಒಂದೊಂದು ಕಾಯಿಲ್‌ಗೂ ಬೇರೆ ಬಿಲ್ ಅಂದಾಗ ಅದೂ ಹೋಯಿತು.

ಈ ಸುರುಳಿಯನ್ನು ಲಾಸ್ ಏಂಜಲೀಸ್‌ನಲ್ಲಿ ಮೊದಲ ರೋಗಿಗೆ ಹಾಕಿದ್ದು 1990ರಲ್ಲಿ, ಗೀಡೊ ಗುಲಿಯೆಲ್ಮಿ ಮತ್ತು ಅವರ ತಂಡ. ತಲೆ ತೆರೆದು ಗುಳ್ಳೆಯ ಬುಡಕ್ಕೆ ಹಾಕುವ ಕ್ಲಿಪ್ಪಾ, ಕಾಯಿಲಾ ಅನ್ನುವ ಜಗಳ ಅಲ್ಲಿಂದ ಬಹಳ ವರ್ಷ ನಡೆಯಿತು. 2002ರಲ್ಲಿ ಎರಡನ್ನೂ ಹೋಲಿಸಿದ ಐಸ್ಯಾಟ್ ಅಧ್ಯಯನ ಬಂತು. ಅದರಲ್ಲಿದ್ದವರು 2143 ಜನ, ಎಲ್ಲರೂ ಎರಡಕ್ಕೂ ಒಗ್ಗುವ ರೋಗಿಗಳು. ಒಂದು ವರ್ಷದ ಹೊತ್ತಿಗೆ ಸತ್ತವರು ಇಲ್ಲವೇ ಬೇರೆಯವರ ಆಸರೆಯಲ್ಲಿ ಬದುಕುತ್ತಿದ್ದವರು ಕ್ಲಿಪ್ ಹಾಕಿದವರಲ್ಲಿ ನೂರಕ್ಕೆ ಸುಮಾರು 31, ಕಾಯಿಲ್ ಹಾಕಿದವರಲ್ಲಿ 24. ಹಾಗಂತ ಕ್ಲಿಪ್ಪಿನ ಕಾಲ ಮುಗಿದಿಲ್ಲ. ಬಾಯಿ ಅಗಲವಾದ ಕೆಲವು ಗುಳ್ಳೆಗಳನ್ನು ಈಗಲೂ ನಾನೇ ಸರ್ಜನ್ ಹತ್ತಿರ ಕಳಿಸುತ್ತೇನೆ.

ಈ ಅಮ್ಮನದು ಮುಂಭಾಗದ ಎರಡು ನಾಳಗಳು ಸೇರುವ ಕಡೆ, 6 ಮಿಲಿಮೀಟರ್. ಪೂರ್ತಿ ಅನಸ್ತೇಷಿಯಾ ಕೊಟ್ಟಾಯಿತು. ಕುತ್ತಿಗೆಯ ನಾಳದವರೆಗೆ ದಪ್ಪ ಕ್ಯಾಥೆಟರ್ ಕೊಳವೆ, ಅದರೊಳಗೆ ಅರ್ಧ ಮಿಲಿಮೀಟರ್ ದಪ್ಪದ ಮೈಕ್ರೋಕ್ಯಾಥೆಟರ್. ಅದರ ತುದಿಯನ್ನು ಹಬೆಗೆ ಹಿಡಿದು ನಾಳದ ತಿರುವಿಗೆ ತಕ್ಕ ಹಾಗೆ ಬಗ್ಗಿಸಿಕೊಳ್ಳುತ್ತೇನೆ. ಇದಕ್ಕೆ ಆತುರ ಪಡಬಾರದು. ತುದಿ ಸರಿಯಾಗಿ ಬಗ್ಗದಿದ್ದರೆ ಮುಂದೆ ಗಂಟೆಗಟ್ಟಲೆ ಒದ್ದಾಟ.

ಮೊದಲ ಕಾಯಿಲ್ 6 ಮಿಲಿಮೀಟರಿನದು. ಗುಳ್ಳೆಯ ಗೋಡೆಗೆ ಒತ್ತಿಕೊಂಡು ಬುಟ್ಟಿ ಹೆಣೆದ ಹಾಗೆ ಸುತ್ತಿಕೊಳ್ಳುತ್ತದೆ. ಕಾಯಿಲ್ ತಳ್ಳುವ ತಂತಿಯ ಗುರುತು ಕ್ಯಾಥೆಟರ್ ಗುರುತಿಗೆ ತಾಗಿ ಪರದೆಯಲ್ಲಿ ಟಿ ಆಕಾರ ಮೂಡಿದಾಗ ಬಟನ್ ಒತ್ತುತ್ತೇನೆ. ಸಣ್ಣ ಕರೆಂಟ್ ಹರಿದು ಬೀಪ್ ಬರುತ್ತದೆ. ಕಾಯಿಲ್ ಕಳಚಿಕೊಂಡಿತು ಅಂತ. ಆಮೇಲೆ 5, 4, 3.

ನಾಲ್ಕನೆಯದು ಹೋದ ಮೇಲೆ, ನಾಳ ಪರದೆಯಲ್ಲಿ ಕಾಣಲಿ ಅಂತ ಬಿಡುವ ಬಣ್ಣ ಗುಳ್ಳೆಯೊಳಗೆ ಹೋಗುವುದು ನಿಂತಿತ್ತು. ಬುಡದಲ್ಲಿ ಮಾತ್ರ ಉಗುರಿನ ಗೀರಿನಷ್ಟು ಜಾಗ ಉಳಿದಿತ್ತು. ಜೊತೆಗಿದ್ದ ಕಿರಿಯ ಡಾಕ್ಟರ್ ಆಗಲೇ 2ರ ಕಾಯಿಲ್ ಪ್ಯಾಕೆಟ್ ಹಿಡಿದು ನಿಂತಿದ್ದ. "ಹಾಕೋಣ್ವಾ ಸಾರ್?"

ಬಹಳ ವರ್ಷದ ಹಿಂದೆ ಇಂಥದ್ದೇ ಗೀರು ನೋಡಿ ನಾನು ಇನ್ನೊಂದು ಹಾಕಿದ್ದೆ. ಚಿತ್ರ ಚೆಂದ ಕಾಣಲಿ ಅನ್ನುವುದು ಬಿಟ್ಟರೆ ಬೇರೆ ಕಾರಣ ಇರಲಿಲ್ಲ. ಒಳಗೆ ಜಾಗವಿಲ್ಲದೆ ಮೈಕ್ರೋಕ್ಯಾಥೆಟರ್ ಹಿಂದಕ್ಕೆ ಒದ್ದುಕೊಂಡು ಬಂತು. ಸುರುಳಿಯ ಒಂದು ಎಳೆ ಒಳ್ಳೆ ನಾಳಕ್ಕೆ ಇಳಿಯಿತು. ಅದರ ಮೇಲೆ ಹೆಪ್ಪು ಕಟ್ಟುವುದು ಕಣ್ಣೆದುರೇ ಕಂಡಿತು. ಹೆಪ್ಪು ಬೆಳೆಯದಂತೆ ತಡೆಯುವ ಟಿರೋಫಿಬಾನ್ ಕೊಟ್ಟೆವು. ನಾಳ ತೆರೆಯಿತು, ಆದರೆ ಅಷ್ಟರಲ್ಲಿ ತಡವಾಗಿತ್ತು. ಆ ಮನುಷ್ಯ ಬಲಗಾಲು ಎಳೆದುಕೊಂಡು ಓಪಿಡಿಗೆ ಬರುತ್ತಿದ್ದರು. ಬಂದಾಗಲೆಲ್ಲ ನನಗೇ ಧನ್ಯವಾದ ಹೇಳುತ್ತಿದ್ದರು. ಅದನ್ನು ಕೇಳುವುದು ಬೈಗುಳಕ್ಕಿಂತ ಕಷ್ಟ.

"ಪ್ಯಾಕೆಟ್ ಒಡೀಬೇಡ" ಅಂದೆ. ಹತ್ತು ನಿಮಿಷ ಸುಮ್ನೆ ನಿಂತು ಮತ್ತೆ ಬಣ್ಣ ಬಿಟ್ಟು ನೋಡಿದೆವು. ನಾಳಗಳೆಲ್ಲ ಸರಿಯಾಗಿದ್ದವು. ಗೀರು ಹಾಗೇ ಇತ್ತು. ಕ್ಯಾಥೆಟರ್ ಹೊರಗೆ ತೆಗೆದೆ.

ಇಷ್ಟಕ್ಕೇ ಮುಗಿಯುವುದಿಲ್ಲ ಅಂತ ಮನೆಯವರಿಗೆ ಮೊದಲೇ ಹೇಳಿರಬೇಕು. ಹೊರಗೆ ಚೆಲ್ಲಿದ ರಕ್ತದಿಂದ ನಾಲ್ಕನೇ ದಿನದಿಂದ ಎರಡು ವಾರದವರೆಗೆ ನಾಳಗಳು ಮುದುಡಬಹುದು. ಅದರ ಹಾನಿ ತಗ್ಗಿಸಲು ನಿಮೋಡಿಪಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ, 21 ದಿನ. ಏಳನೇ ದಿನ ಅಮ್ಮ ಮಂಕಾದರು, ಮಗನ ಹೆಸರು ತಪ್ಪಿ ಹೇಳಿದರು. ಮುದುಡಿದ ನಾಳದಲ್ಲೂ ರಕ್ತ ಹರಿಯಲಿ ಅಂತ ಬಿಪಿ ಏರಿಸಿಟ್ಟು ಎರಡು ರಾತ್ರಿ ಐಸಿಯುನಲ್ಲಿ ಕಾದೆವು. ಮೂರನೇ ಬೆಳಿಗ್ಗೆ ಕಾಫಿ ಕೇಳಿದರು.

ಆರು ತಿಂಗಳ ಮೇಲೆ ಮತ್ತೆ ಆಂಜಿಯೋ ಮಾಡಿದೆವು. ಗೀರು ಒಂದು ಕೂದಲಷ್ಟೂ ಬೆಳೆದಿರಲಿಲ್ಲ. ಮಗ ಪರದೆಯ ಹತ್ತಿರ ಬಗ್ಗಿ ಅಲ್ಲೇ ಬೆರಳಿಟ್ಟ. "ಸಾರ್, ಇಲ್ಲಿ ಇನ್ನೊಂದು ಹಾಕ್ಬಹುದಿತ್ತಲ್ವಾ?"

"ಹಾಕಬಹುದಿತ್ತಪ್ಪ" ಅಂದೆ. "ಮುಂದಿನ ವರ್ಷ ಎಂಆರ್‌ಎ ಸ್ಕ್ಯಾನ್ ಮಾಡಿಸೋಣ, ಕರ್ಕೊಂಡು ಬಾ."